ವೇದಿಕೆ ಮೇಲೆ ಅವರೆಕಾಯಿ

ಚೌಡರೆಡ್ಡಿ ಮೇಷ್ಟ್ರ ಮನೆಗೆ ಹೋದವರಿಗೆ ಮೊದಲು ಸಿಗುತ್ತಿದ್ದದ್ದು ಕಾಫಿಯಲ್ಲ, ಸುಲಿಯಲು ಒಂದು ಮೊರ ಅವರೆಕಾಯಿ. ಅವರೆಯ ಕಾಲ ಮುಗಿದರೆ ಹುಣಸೆಹಣ್ಣು, ಅದೂ ಇಲ್ಲದಿದ್ದರೆ ಕಡಲೆಕಾಯಿ. ನನ್ನ ಪಿಎಚ್.ಡಿ. ಪ್ರಬಂಧದ ಒಂದೊಂದು ಅಧ್ಯಾಯವನ್ನೂ ನಾನು ಅವರಿಗೆ ವಿವರಿಸಿದ್ದು ಹೀಗೇ, ಉಗುರಿಗೆಲ್ಲ ಸೊಗಡು ಮೆತ್ತಿಕೊಂಡು.

"ಸುಮ್ನೆ ಕೂತ್ಕೊಂಡು ಮಾತಾಡಿದ್ರೆ ಭಾಷಣ ಆಗ್ಬಿಡ್ತದೆ ಕಣಮ್ಮ. ಸುಲೀತಾ ಹೇಳು" ಎನ್ನುತ್ತಿದ್ದರು. ಮಾರನೆಯ ದಿನ ಅವರ ಮನೆಯಲ್ಲಿ ಅವರೆಕಾಳಿನ ಸಾರು ಎಂಬುದೂ ನಮಗೆ ಗೊತ್ತಿತ್ತು.

ಹೊಲಗೆಲಸದ ಹಾಡುಗಳನ್ನು ಸಂಗ್ರಹಿಸುತ್ತ ಅವರು ಆಂಧ್ರದ ಗಡಿಯ ಮುಳಬಾಗಿಲು, ಶ್ರೀನಿವಾಸಪುರದ ಊರೂರು ಸುತ್ತಿದ್ದರು. ಹೆಂಗಸರ ಜೊತೆ ಕಳೆ ಕಿತ್ತಿದ್ದರು, ಹಿಪ್ಪುನೇರಳೆ ಸೊಪ್ಪು ಬಿಡಿಸಿದ್ದರು. ಆದರೆ ಅವರ ಜೀವವೆಲ್ಲ ಇದ್ದದ್ದು ಸುಗಟೂರಿನಲ್ಲಿದ್ದ ಅವರ ಅಕ್ಕ ವೆಂಕಟಮ್ಮನ ಒಂದು ಹಾಡಿನಲ್ಲಿ. ಅದರ ಸಾಲುಗಳು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಯುತ್ತಿದ್ದವು. ಕನ್ನಡದವರು ಅದನ್ನು ತೆಲುಗೆಂದರು, ತೆಲುಗಿನವರು ಕನ್ನಡವೆಂದರು. ಕೊನೆಗೆ ಹಿರಿಯ ವಿದ್ವಾಂಸರೊಬ್ಬರು, ಅದು ಮೇಷ್ಟ್ರೇ ಕೂತು ಕಟ್ಟಿದ ಹಾಡು ಎಂದುಬಿಟ್ಟರು. ಆ ಮಾತು ಅವರನ್ನು ಕೊರೆಯುತ್ತಲೇ ಇತ್ತು. ವೆಂಕಟಮ್ಮನೋ, ಹಾಡು ರೆಕಾರ್ಡ್ ಮಾಡಲು ಎದುರಿಗೆ ಫೋನು ಹಿಡಿದರೆ ಬಾಯಿ ಮುಚ್ಚಿಬಿಡುತ್ತಿದ್ದರು.

ವಿಶ್ವವಿದ್ಯಾಲಯ ಸಾರ್ವಜನಿಕ ಸಂಶೋಧನಾ ಉಪನ್ಯಾಸದ ಗೌರವ ಕೊಟ್ಟಾಗ, ಅಕ್ಕನನ್ನೂ ಕರೆತರುವೆನೆಂದು ಮೇಷ್ಟ್ರು ಹಟ ಹಿಡಿದರು. "ಸಾರ್, ಇದು ಉಪನ್ಯಾಸ, ಹಾಡಿನ ಕಾರ್ಯಕ್ರಮ ಅಲ್ಲ" ಎಂದರು ಸಂಘಟಕರು.

"ಅಕ್ಕ ಬರಂಗಿಲ್ಲ ಅಂದ್ರೆ ನಾನೂ ಬರಲ್ಲಪ್ಪ. ಶಾಲು ಪೋಸ್ಟಲ್ಲಿ ಕಳಿಸಿ."

ಅಂದು ಸಭಾಂಗಣ ತುಂಬಿತ್ತು. ಮೇಷ್ಟ್ರು ಚೆನ್ನಾಗಿ ಮಾತಾಡಿ ಅಕ್ಕನನ್ನು ಕರೆದರು. ವೆಂಕಟಮ್ಮ ಮೈಕಿನ ಮುಂದೆ ನಿಂತರು, ಬಾಯಿ ತೆರೆದರು, ದನಿ ಹೊರಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅದೇ ವಿದ್ವಾಂಸರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮೇಷ್ಟ್ರು ತಮಗೆ ಆಗತಾನೇ ಹೊದಿಸಿದ್ದ ಶಾಲನ್ನು ತೆಗೆದು ನೆಲಕ್ಕೆ ಹಾಸಿದರು. ಕೈಚೀಲದಿಂದ ಅವರೆಕಾಯಿ ಸುರಿದು, ಬಿಳಿ ಪಂಚೆಯಲ್ಲೇ ಚಕ್ಕಂಬಕ್ಕಲ ಹಾಕಿ ಕೂತರು.

"ರಾ ಅಕ್ಕಾ" ಎಂದು ಮನೆಮಾತಾದ ತೆಲುಗಿನಲ್ಲಿ ಕರೆದರು. "ಸಾರಿಗೆ ಆಗ್ಬೇಕು."

ವೆಂಕಟಮ್ಮ ಕೂತು ಒಂದು ಕಾಯಿ ಬಿಡಿಸಿ, "ಏಮಿರಾ ಇದಿ, ಇಷ್ಟು ಎಳೇದು ತಂದಿದೀಯ!" ಎಂದು ಗದರಿಕೊಂಡರು. ಹಾಗೇ ಸುಲಿಯುತ್ತ ಸುಲಿಯುತ್ತ ಹಾಡು ಹೊರಟಿತು. ಹಿಂದೆ ಕೂತಿದ್ದ ಮುಳಬಾಗಿಲಿನ ಹುಡುಗಿಯರಿಬ್ಬರು ಮೆಲ್ಲಗೆ ದನಿಗೂಡಿಸಿದರು. ಅವರನ್ನು ಯಾರೂ ಹೇಳಿಕೊಟ್ಟು ಕರೆತಂದಿರಲಿಲ್ಲ.

ಮೇಷ್ಟ್ರು ಮುಂದಿನ ಸಾಲಿನ ಕಡೆ ತಿರುಗಿ, "ಈ ಮಕ್ಕಳಿಗೂ ನಾನೇ ಬರ್ಕೊಟ್ಟೆನಾ ಸಾರ್?" ಎಂದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನನ್ನು ಸುಗಟೂರಿನ ಬಸ್ಸು ಹತ್ತಿಸುತ್ತ ಅವರು ನನಗೆ ಹೇಳಿದರು: "ಅಕ್ಕ ಗಾಬರೀಲಿ ಒಂದು ಸಾಲು ಬಿಟ್ಬಿಟ್ಳು. ಮುಂದಿನ ವಾರ ಊರಿಗೆ ಬಾ, ಬರ್ಕೊಳ್ಳೋಣ."

ಮುಂದಿನ ವಾರ ಹೋದೆ, ಮೇಷ್ಟ್ರ ಮಣ್ಣಿಗೆ. ಎದೆನೋವೆಂದವರು ಆಸ್ಪತ್ರೆ ಮುಟ್ಟಲೇ ಇಲ್ಲವಂತೆ. ಅಷ್ಟು ದುಃಖ ನನಗೆ ನನ್ನಪ್ಪ ಹೋದಾಗಲೂ ಆಗಿರಲಿಲ್ಲ. ಎಲ್ಲ ಮುಗಿದು ಹೊರಟಾಗ ವೆಂಕಟಮ್ಮ ನನ್ನ ಕೈ ಹಿಡಿದರು.

"ಆ ಸಾಲು ಬರ್ಕೋ ತಾಯಿ."

"ಈಗ ಬೇಡಮ್ಮಾ."

"ನಾ ತಮ್ಮುಡು ಹೇಳಿದ್ದ. ಬರ್ಕೋ."

ಒಡೆದ ದನಿಯಲ್ಲೇ ಹಾಡಿದರು. ಬರೆದುಕೊಂಡೆ. ಎಲ್ಲಿ ಓದು ಎಂದರು; ನಾನು ಹಾಳೆ ಮಡಚತೊಡಗಿದೆ.

"ಓದು. ಅವನಿದ್ದಿದ್ರೆ ಬಿಡ್ತಿದ್ನಾ?"

ಅಳುತ್ತಲೇ ಓದಿದೆ. ಒಂದು ಮಾತು ತಪ್ಪಿತ್ತು. ತಿದ್ದಿಸಿ, ಇನ್ನೊಮ್ಮೆ ಓದಿಸಿದರು.