ಮಾವ ತೆಗೆಯುವ ಅತ್ತೆಯ ಫೋಟೋ

ನಮ್ಮ ಮಹಡಿ ಮನೆಯ ಟೈಲರ್ ಮಾವನಿಗೆ ತಮ್ಮ ಹೆಂಡತಿಯ, ಅಂದರೆ ನಮ್ಮೆಲ್ಲರ ಅತ್ತೆಯ, ಒಂದು ಒಳ್ಳೆಯ ಫೋಟೋ ಗೋಡೆಗೆ ಹಾಕಬೇಕೆಂಬ ಆಸೆ. ಅತ್ತೆಗೋ ಕ್ಯಾಮೆರಾ ಕಂಡರೆ ಮೈಯೆಲ್ಲ ಉರಿ. ಭಾನುವಾರ ಬಂತೆಂದರೆ ಮಾವ ಅವರನ್ನು ಪುಸಲಾಯಿಸಿ ಪಾರ್ಕಿಗೆ ಕರೆದೊಯ್ದು, ಮರದ ಕೆಳಗೆ ನಿಲ್ಲಿಸಿ, ಅಳತೆ ತೆಗೆಯುವವರಂತೆ ಒಂದು ಕಣ್ಣು ಮುಚ್ಚಿ, "ಗದ್ದ ಸ್ವಲ್ಪ ಎತ್ತು, ಭುಜ ಇಳಿಸು" ಎನ್ನುತ್ತಾರೆ. "ನಾನೇನು ನಿಮ್ಮ ಅಂಗಡಿ ಗೊಂಬೆನಾ? ಬೇಗ ಮುಗಿಸ್ರೀ, ಬಟ್ಟೆ ನೆನೆಹಾಕಿ ಬಂದಿದೀನಿ" ಎಂದು ಅತ್ತೆ ಮುಖ ಗಂಟಿಕ್ಕುತ್ತಾರೆ. ಮಾವ ಮೋಡ ಸರಿಯಲೆಂದು ಕಾಯುತ್ತಾರೆ. ಬಿಸಿಲು ಬರುವಷ್ಟರಲ್ಲಿ ಅತ್ತೆ ಗೇಟು ದಾಟಿರುತ್ತಾರೆ. ಅಷ್ಟರೊಳಗೆ ಸಿಕ್ಕ ಒಂದೆರಡು ಫೋಟೋ ಹಿಡಿದು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಮಾವನಿಗೆ ಊಟದ ನೆನಪಿರುವುದಿಲ್ಲ. ಕರೆಂಟು ಕಂಬ ಕೀಳುತ್ತಾರೆ, ಒಣಗಿದ ಹುಲ್ಲಿಗೆ ಹಸಿರು ಬಳಿಯುತ್ತಾರೆ, ಒಮ್ಮೆ ಹಿಂದೆ ನಿಂತಿದ್ದ ಸ್ವಂತ ಭಾವಮೈದುನನನ್ನೇ ಒರೆಸಿಹಾಕಿದ್ದರು. ಅತ್ತೆಯ ಮುಖದ ಗಂಟು ಮಾತ್ರ ಹಾಗೇ ಉಳಿಯುತ್ತಿತ್ತು. ಮೊನ್ನೆ ಮಗಳು, ಯಾರ ಮುಖವನ್ನಾದರೂ ನಗಿಸುವ ಗುಂಡಿಯೊಂದನ್ನು ತೋರಿಸಿಕೊಟ್ಟಳು. ಮಾವ ಒತ್ತಿದರು, ಪರದೆಯ ಮೇಲೆ ಅತ್ತೆ ಹಲ್ಲೆಲ್ಲ ಬಿಟ್ಟು ನಕ್ಕರು. ಮಾವ ಬಹಳ ಹೊತ್ತು ನೋಡಿ, "ಇವಳ ಪರಿಚಯ ನನಗಿಲ್ಲಮ್ಮ" ಎಂದು ಹಳೆಯ ಗಂಟುಮುಖವನ್ನೇ ವಾಪಸು ತಂದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಹೂಂ, ಅದನ್ನ ಬೇಕಾದ್ರೆ ಹಾಕ್ಕೊಳ್ಳಿ" ಎಂದರು. ಮಾವ ಮೊಳೆ ಹೊಡೆಯುವಾಗ ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡವರೂ ಅವರೇ.