ಹೂಜಿಯ ಊಟ

ಬಾಯಿ ತೆರೆದ ಹೂಜಿಯನ್ನು ಎದುರಿಗಿಟ್ಟುಕೊಂಡು ನನಗೆ ಊಟ ಸೇರುವುದಿಲ್ಲ. ನಗಬೇಡಿ. ಕುಡಿಯುವ ನೀರಿನ ಹೂಜಿಯೇ ಆಗಲಿ, ಮೊದಲು ಮುಚ್ಚಳ ಬೀಳಬೇಕು, ಆಮೇಲೆ ತುತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಲ್ಲಿ ವಿಜ್ಞಾನದ ಮೇಷ್ಟ್ರು. ಮಿಲಿಟರಿಯಲ್ಲಿದ್ದ ನಮ್ಮ ಭಾವ ಮಳೆಗಾಲದ ಕೊನೆಗೆ ರಜೆಯ ಮೇಲೆ ಬಂದವರು, ಈಶಾನ್ಯದ ಖಾಸಿ ಬೆಟ್ಟದಿಂದ ಬಿಸ್ಕತ್ತಿನ ಡಬ್ಬದಲ್ಲಿ ಒಂದು ಹೂಜಿ ಗಿಡ ತಂದರು. ಒಂದೊಂದು ಎಲೆಯ ತುದಿಯಿಂದಲೂ ದಾರದಂಥ ಬಳ್ಳಿ ಇಳಿದು, ಅದರ ಕೊನೆಗೊಂದು ಪುಟ್ಟ ಹೂಜಿ. ಮುಚ್ಚಳವಿದೆ, ಆದರೆ ಅದು ಎಂದೂ ಮುಚ್ಚುವುದಿಲ್ಲ. ಅಂಚಿನ ಸಿಹಿಗೆ ಬಂದ ನೊಣ ಕಾಲು ಜಾರಿತೋ, ಒಳಗಿನ ನೀರಿನಲ್ಲಿ ಮೆಲ್ಲಗೆ ಕರಗಿಹೋಗುತ್ತದೆ. ಅದರ ತವರಿನಲ್ಲಿ ಮಂಜಿಗೂ ಮಳೆಗೂ ಕೊರತೆಯಿಲ್ಲ, ಮಣ್ಣಿನಲ್ಲಿ ಮಾತ್ರ ಸಾರವಿಲ್ಲ. ಬೇರಿಗೆ ದಕ್ಕದ್ದನ್ನು ಪಾಪ, ಎಲೆಯೇ ದುಡಿದು ತರಬೇಕು. ಇದನ್ನೆಲ್ಲ ಅವ್ವನಿಗೆ ಪಾಠ ಹೇಳುವ ಉಮೇದಿನಲ್ಲಿ, "ಇದೂ ನಮ್ಮಂಗೇ ಉಣ್ತದೆ ಕಣವ್ವಾ" ಎಂದುಬಿಟ್ಟೆ.

ಅಷ್ಟೇ ಸಾಕಾಯಿತು. ನಮ್ಮವ್ವ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವವಳಲ್ಲ. ಪೂಜೆ ಮುಗಿಸಿ ಹೊಸ್ತಿಲಿಗೆ ಬಂದು, ಜಗಲಿಯ ಕಡೆ ನೋಡಿ, "ಉಣ್ಣೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿಯೇ ತಟ್ಟೆಯ ಮುಂದೆ ಕೂರುವುದು ಮನೆಯ ವಾಡಿಕೆ. ಯಾವಾಗಲೋ ಒಬ್ಬ ಬಳೆಗಾರ ಬಿಟ್ಟರೆ ಆ ಪ್ರಶ್ನೆಗೆ ಉತ್ತರ ಕೊಟ್ಟವರು ಕಡಿಮೆ. ಈಗ ಗಿಡ ಇಟ್ಟ ಜಗಲಿಯ ತುಂಬ ತೆರೆದ ಬಾಯಿಗಳು.

ಮಧ್ಯಾಹ್ನ ನಾನು ಊಟಕ್ಕೆ ಬಂದರೆ ಬೀದಿ ಬಿಕೋ ಎನ್ನುತ್ತಿತ್ತು, ಅವ್ವ ಗಿಡದ ಮುಂದೆ ಕೂತಿರುತ್ತಿದ್ದಳು. ಇರುವೆ ಸತ್ತರೂ ಮರುಗುವ ಹೆಂಗಸು, ನೊಣ ಜಾರುವುದನ್ನೇ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಅದು ಬಿದ್ದು, ಒಳಗಿನ ಗುಂಯ್ ಸದ್ದು ನಿಂತ ಮೇಲೆ, "ಅದ್ರ ಊಟ ಆಯ್ತು" ಎಂದು ಎದ್ದುಹೋಗಿ ಉಣ್ಣುವಳು. ಬೀಳದ ದಿನ ಉಪವಾಸ. ಚಳಿಗಾಲಕ್ಕೆ ನೊಣ ಕಡಿಮೆಯಾದವು, ಅವ್ವನ ರವಿಕೆಯ ತೋಳು ಸಡಿಲವಾಯಿತು. ಗಿಡ ತಿನ್ನುತ್ತಿರುವುದು ಯಾರನ್ನು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

"ತಿಂಗಳುಗಟ್ಟಲೆ ಉಣ್ಣದಿದ್ರೂ ಅದಕ್ಕೇನೂ ಆಗಲ್ಲ ಕಣವ್ವಾ" ಎಂದೆ.

"ಹಸಿವಿಲ್ದೆ ಯಾರಾದ್ರೂ ಹಿಂಗೆ ಬಾಯಿ ತಕ್ಕೊಂಡು ಕೂರ್ತಾರೇನೋ?"

ಅಳಿಯ ತಂದ ಗಿಡ, ಎಸೆಯುವಂತೆಯೂ ಇಲ್ಲ. ಕೊನೆಗೆ ಬೆಲ್ಲದ ಅಂಗಡಿಯಲ್ಲಿ ನೊಣ ಹಿಡಿದು, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದು ಹೂಜಿಯೊಳಗೆ ಉದುರಿಸತೊಡಗಿದೆ. ಬೀದಿಯವರು ಮೇಷ್ಟ್ರು ಬೀಡಿ ಕಲಿತರೆಂದುಕೊಂಡರು.

ಶಿವರಾತ್ರಿಯ ಹೊತ್ತಿಗೆ ನಮ್ಮ ಕಡೆಯ ಒಣಗಾಳಿಗೆ ಹೂಜಿಗಳು ಒಂದೊಂದಾಗಿ ಕಂದಿದವು. ಕೊನೆಯದು ಸುರುಟಿಕೊಂಡ ದಿನವೂ ನಾನು ಪೊಟ್ಟಣ ತಂದಿದ್ದೆ. ಅವ್ವ ಹೊಸ್ತಿಲಿಗೆ ಬಂದು, ಒಣಗಿದ ಗಿಡದ ಕಡೆ ನೋಡಿ, ಎಂದಿನಂತೆ ಕೇಳಿದಳು: "ಉಣ್ಣೋರು ಯಾರಾದ್ರೂ ಇದ್ದೀರಾ?"

ನನ್ನ ಜೇಬು ಗುಂಯ್ ಎಂದಿತು.

ಅವ್ವ ನನ್ನ ಮುಖವನ್ನೇ ನೋಡಿದಳು. "ಅದನ್ನ ಬಿಟ್ಬಿಡಪ್ಪಾ. ಬಾ, ಇಬ್ರೂ ಉಣ್ಣಾನ."