ಜಾರದ ಗಂಟು

ಬೆಳಗಿನ ಆರು ಗಂಟೆ. ತಾಂಡ್ಯ ಕೈಗಾರಿಕಾ ಪ್ರದೇಶದ ಬಲೆ ಕಾರ್ಖಾನೆಯೊಂದರಲ್ಲಿ ಇಂದ್ರಾಣಿ ಮೀನುಬಲೆಯನ್ನು ಅಡ್ಡಪೈಪಿನ ಮೇಲೆ ಹರವಿಕೊಂಡು ನಿಂತಿದ್ದಾರೆ. ಯಂತ್ರ ತಪ್ಪಿಸಿದ ಗಂಟು ಬೆರಳಿಗೇ ಸಿಗುತ್ತದೆ. ದಾರ ಕೊಟ್ಟು ಗಂಟು ಹಾಕಿ, ಎರಡು ಸಲ ಎಳೆದು ನೋಡಿ, ಸೊಂಟದ ಕತ್ತರಿಯಿಂದ ತುದಿ ತೆಗೆಯುತ್ತಾರೆ.

ಹದಿನಾರು ಎಂಬ ಹೆಸರಿನ ಹಳ್ಳಿಯ ಇವರಿಗೆ ನಲವತ್ತಮೂರು ವರ್ಷ. ಈ ಕೆಲಸಕ್ಕೆ ಹನ್ನೊಂದು. ದಿನಕ್ಕೆ ಸುಮಾರು ನಾನೂರು ಗಂಟು. ನೈಲಾನ್ ಉಜ್ಜಿ ಉಜ್ಜಿ ಬಲಗೈ ಬೆರಳಿನ ಗೆರೆಗಳು ಅಳಿಸಿವೆ. ಗೇಟಿನ ಹಾಜರಿ ಯಂತ್ರಕ್ಕೆ ಎಡಗೈ ಕೊಡುತ್ತಾರೆ. ಇಲ್ಲಿ ತಪ್ಪು ಗಂಟನ್ನು ಕತ್ತರಿಯ ಮೊನೆಯಿಂದ ಬಿಡಿಸಬೇಕು. ಕತ್ತರಿಸಿದರೆ ಬಲೆ ಗುಜರಿಗೆ.

“ಇವ್ರು ನೋಡಿದ ಬಲೆ ಒಂದೂ ವಾಪಸ್ ಬಂದಿಲ್ಲ,” ಎನ್ನುತ್ತಾರೆ ಮೇಲ್ವಿಚಾರಕ ಕೃಷ್ಣಕುಮಾರ್.

“ಆ ಮಾತು ಪೇಪರ್‌ಗೆ ಆಕ್ಬೇಡಿ ಸಾ,” ಎಂದು ಇಂದ್ರಾಣಿ ತಲೆ ತಗ್ಗಿಸುತ್ತಾರೆ.

ಹೋದ ಡಿಸೆಂಬರಿನಲ್ಲಿ ಕಾರ್ಖಾನೆಯ ಹೆಂಗಸರು ಬಸ್ಸು ಮಾಡಿಕೊಂಡು ಕಾರವಾರದ ಕಡೆ ಹೋಗಿದ್ದರು. ತಮ್ಮ ಬಲೆ ಇಳಿಯುವ ಸಮುದ್ರವನ್ನು ಇಂದ್ರಾಣಿ ಕಂಡದ್ದು ಆಗಲೇ. ಮೀನುಗಾರರು ದಡಕ್ಕೆ ಎಳೆಯುತ್ತಿದ್ದ ಬಲೆಯಲ್ಲಿ ಬಾಟಲಿ ಮೂತಿಯ ಡಾಲ್ಫಿನ್ ಒಂದು ಸುತ್ತಿಕೊಂಡಿತ್ತು.

“ನಾನು ಮೊದ್ಲು ಮುಟ್ಟಿದ್ದು ಬಲೆನ, ಅದ್ನಲ್ಲ. ‘ನೋಡೇ, ನಮ್ ಬಲೆ, ಒಂದ್ ಗಂಟೂ ಜಾರಿಲ್ಲ’ ಅಂತ ರಂಜಿನಿಗೆ ಏಳ್ದೆ. ಜಂಬದಲ್ಲಿ.”

“ಎಲ್ರೂ ಸಮುದ್ರ ನೋಡೋಕೋದ್ರೆ ನಮ್ಮಕ್ಕ ಚೆಕಿಂಗ್‌ಗೆ ಓಗಿದ್ರು ಕಣ್ರೀ,” ಎಂದು ಪಕ್ಕದ ಪೈಪಿನ ರಂಜಿನಿ ನಗುತ್ತಾರೆ. ಇಂದ್ರಾಣಿ ನಗುವುದಿಲ್ಲ.

ಡಾಲ್ಫಿನ್ ಮೀನಲ್ಲ, ನಮ್ಮಂತೆ ಗಾಳಿಯನ್ನೇ ಉಸಿರಾಡುತ್ತದೆ. ಉಸಿರಿನ ರಂಧ್ರ ನೆತ್ತಿಯಲ್ಲಿದೆ. ಅಂದು ಪ್ರತಿ ಅಲೆಗೂ ಅದು ಮುಳುಗುತ್ತಿತ್ತು. ಮೀನುಗಾರನೊಬ್ಬ ಅದರ ತಲೆಯನ್ನು ಎತ್ತಿ ಹಿಡಿಯಲು ಹೆಣಗುತ್ತ, ಕತ್ತಿ ತರಲು ದಡದವರನ್ನು ಕೂಗುತ್ತಿದ್ದ. ಇಂದ್ರಾಣಿ ಪ್ರವಾಸದಲ್ಲೂ ಬಿಡದ ಸೊಂಟದ ಕತ್ತರಿ ತೆಗೆದರು. ಅದರ ಮೊನೆಯಿಂದ ಗಂಟು ಬಿಡಿಸಲು ಕುಳಿತರು.

“ಒಳ್ಳೇ ಬಲೆ, ಕುಯ್ಯೋಕೆ ಕೈ ಬರ್ಲಿಲ್ಲ. ಎಂಟು ಬಿಚ್ಚಿದೆ ಸಾ, ನೀಟಾಗಿ. ಒಂಬತ್ತನೇದು ಬಿಚ್ಚೋ ಒತ್ಗೆ ಅದು ಸುಮ್ನಾಯ್ತು. ಆಗ ಆ ಯಪ್ಪ ತಿರುಗಿ ನನ್ ಕೈಲಿದ್ದ ಕತ್ತರಿ ನೋಡ್ದ. ಬಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಮಾತಾಡುತ್ತಲೇ ಇನ್ನೊಂದು ಗಂಟು ಬಿದ್ದಿದೆ. ಎರಡು ಸಲ ಎಳೆದು ನೋಡುತ್ತಾರೆ, ಜಾರುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕತ್ತರಿಯಿಂದ ತುದಿ ತೆಗೆಯುತ್ತಾರೆ.

“ಇನ್ನೊಂದ್ ಸಲ ಅಲ್ಲಿಗೆ ಓಗ್ಬೇಕು. ಅದು ನೀರಲ್ಲಿ ಓಡಾಡೋದ್ನ ದೂರದಿಂದ ನೋಡ್ಬೇಕು. ಬಲೇಲಿ ಕಂಡ್ರೆ...” ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. “ಕುಯ್ಯೋಕೆ ನಂಗೂ ಬತ್ತದೆ ಸಾ.”